ಬಾಗಿಲ ಮೇಲಿನ ಮೂರು ಗೆರೆ

ಪುಕ್ಕಟೆ ಅಂದರೆ ನನಗೆ ಮೊದಲು ಬರುವುದು ಸಂಶಯ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು, ರಿಜೆಕ್ಟು ಅನ್ನುವುದೇ ನನ್ನ ಕೆಲಸ. ಹೆಚ್ಚು ಹೊಳೆಯುವ ತುಂಡಿನಲ್ಲೇ ಬಿರುಕು ಹುಡುಕುವ ಚಾಳಿ ಅಲ್ಲಿಂದ ಮನೆಗೂ ಬಂದುಬಿಟ್ಟಿದೆ. ತರಕಾರಿಯವನು ನಾಲ್ಕು ಎಸಳು ಕೊತ್ತಂಬರಿ ಸುಮ್ಮನೆ ಹಾಕಿದರೆ ಚೀಲ ಬಿಚ್ಚಿ ಟೊಮೇಟೊಗಳನ್ನೆಲ್ಲ ತಿರುವಿ ನೋಡುತ್ತೇನೆ. ಹೆಂಡತಿ ಇದಕ್ಕೆ ರೋಗ ಅನ್ನುತ್ತಾಳೆ.

ಹಾಗಾಗಿ ವೈಟ್‌ಫೀಲ್ಡಿನ ಹಳೆಯ ಬಂಗಲೆಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ, ಒಳಗೆ ಹೋಗಲು ದುಡ್ಡಿಲ್ಲ ಎಂಬ ಸುದ್ದಿ ಮೊಬೈಲಿಗೆ ಬಂದಾಗ, ಯಾವನೋ ಬಿಲ್ಡರ್ ಏನೋ ಮಾರಲು ಹೊರಟಿದ್ದಾನೆ ಅಂದುಕೊಂಡೆ. ಜೊತೆಗೆ ಬಂದ ಫೋಟೋ ನೋಡಿದ ಮೇಲೆ ಮಾತ್ರ ಅಳಿಸಲು ಮನಸ್ಸಾಗಲಿಲ್ಲ. ಬ್ರಿಟಿಷರ ಕಾಲದ ಹೆಂಚಿನ ಮಾಡು, ಜಗಲಿಗೆ ಮರದ ಜಾಲರಿ. ಆ ಬಂಗಲೆಯ ಹಿತ್ತಲ ಕೋಣೆಯಲ್ಲೇ ನಾನು ಬೆಳೆದದ್ದು.

ಯಾದಗಿರಿ ಕಡೆಯಿಂದ ಬಂದ ಅಪ್ಪ ಮೊದಲು ಪೀಣ್ಯದಲ್ಲಿ ಪ್ರೆಸ್ ಮಷಿನ್ನಿನ ಮೇಲೆ ದುಡಿದವನು. ಬಲಗೈಯ ಉಂಗುರ ಬೆರಳಿನ ಅರ್ಧವನ್ನು ಆ ಮಷಿನ್ನು ತಿಂದ ಮೇಲೆ ಈ ಬಂಗಲೆಯ ಕಾವಲಿಗೆ ಸೇರಿದ. ಮಾಲೀಕರು ಪರದೇಶದಲ್ಲಿದ್ದರು. ಬಂಗಲೆಗೆ ಬೀಗ, ನಮಗೆ ಹಿತ್ತಲ ಕೋಣೆ. ಸೋಮವಾರ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡವನು ಅದೇ ಬೆರಳುಗಳನ್ನು ಬಾಗಿಲ ಮೇಲಿನ ಪಟ್ಟಿಗೂ ಎಳೆಯುತ್ತಿದ್ದ. ದೀಪಾವಳಿ ಬಂತೆಂದರೆ ಸುಣ್ಣದಲ್ಲೇ ಎಳೆಯುತ್ತಿದ್ದ, ವರ್ಷವೆಲ್ಲ ಇರಲಿ ಎಂದು. ಮೋಟು ಬೆರಳಿನ ಗೆರೆ ಮಾತ್ರ ಉಳಿದೆರಡಕ್ಕಿಂತ ಸ್ವಲ್ಪ ಒಳಗಿನಿಂದ ಶುರುವಾಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಬೇರೆ ಕಾವಲುಗಾರ ಬಂದ, ನಾವು ಜಾಗ ಖಾಲಿ ಮಾಡಿದೆವು. ಅಪ್ಪನದೆಂದು ಈಗ ಮನೆಯಲ್ಲಿರುವುದು ಗುರುತಿನ ಚೀಟಿಯ ಒಂದು ಫೋಟೋ. ಅದರಲ್ಲಿರುವ ಮುಖ ಯಾರದ್ದಾದರೂ ಆಗಬಹುದು.

ಅವ್ವನಿಗೆ ಮೊಬೈಲು ತೋರಿಸಿದೆ. ಬಂಗಲೆಯ ಅಂದ ಚೆಂದ ಅವಳಿಗೆ ಬೇಕಿರಲಿಲ್ಲ.

"ಬಾಗಲಾ ಮ್ಯಾಗಿಂದು ಉಳದದೇನು ನೋಡಬೇಕು ತಮ್ಮಾ. ನಿಮ್ಮಪ್ಪನ ಕೈ ಅದು."

"ಎಲ್ಲಿ ಉಳಿದಿರ್ತದವ್ವಾ, ಬಣ್ಣ ಬಳದಿರ್ತಾರ," ಅಂದೆ. ಆದರೂ ಭಾನುವಾರ ಮಹದೇವಪುರದಿಂದ ಬಸ್ಸು ಹತ್ತಿದೆವು.

ಗೇಟಿನ ಸೆಕ್ಯೂರಿಟಿಯವನು ಅವ್ವನ ಕೈಚೀಲವನ್ನು ಎರಡು ಸಲ ತಡಕಿದ. ನಮಗಿಂತ ಮುಂದಿದ್ದ ಕಪ್ಪು ಕನ್ನಡಕದವರ ಚೀಲವನ್ನು ಮುಟ್ಟಿಯೂ ನೋಡಿರಲಿಲ್ಲ. ಒಳಗೆ ತೋರಿಸಿ ವಿವರಿಸಲು ಒಬ್ಬ ಹುಡುಗಿ ಇದ್ದಳು. ನಗುಮುಖ, ಕತ್ತಿನಲ್ಲಿ ಗುರುತಿನ ಪಟ್ಟಿ.

ಮುಂದಿನ ಹಜಾರದಲ್ಲಿ ಒಂದು ದೊಡ್ಡ ಕುರ್ಚಿ. ಹಿಂದೆ ಇಲ್ಲಿದ್ದ ಬ್ರಿಟಿಷ್ ಸಾಹೇಬರು ಸಂಜೆ ಇದರಲ್ಲೇ ಕೂತು ಚಹಾ ಕುಡಿಯುತ್ತಿದ್ದರಂತೆ. ನಮ್ಮ ಕಾಲದಲ್ಲಿ ಆ ಹಜಾರದಲ್ಲಿ ಬಾವಲಿ ಹಿಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿ ಕುರ್ಚಿಯ ಅಡಿಗೆ ಕಣ್ಣು ಹಾಯಿಸಿದೆ. ಹೊಚ್ಚಹೊಸ ಸ್ಕ್ರೂಗಳು! ರಿಜೆಕ್ಟು, ಅಂದಿತು ಮನಸ್ಸು. ಅಲ್ಲಿಂದಾಚೆ ಪಿಂಗಾಣಿ ಬಟ್ಟಲು, ಗೋಡೆ ಗಡಿಯಾರ, ಟೊಪ್ಪಿಗೆ, ಯಾವುದನ್ನೂ ನಾನು ನಂಬಲಿಲ್ಲ.

ಗೋಡೆ ಒಡೆದು ಹೊಸದಾಗಿ ಮಾಡಿದ್ದ ದಾರಿಯಿಂದ ಹುಡುಗಿ ನಮ್ಮನ್ನು ಹಿತ್ತಲ ಕೋಣೆಗೆ ಕರೆದೊಯ್ದಳು. ಸಾಹೇಬರ ಬಟ್ಲರ್ ಇದ್ದ ಕೋಣೆ ಎಂದು ಫಲಕ. ಮೂಲೆಯ ಗೋಡೆಯ ಕರಿಯನ್ನು ಹಾಗೇ ಬಿಟ್ಟು ಅದರ ಮೇಲೊಂದು ದೀಪ ಹಾಕಿದ್ದರು.

"ಇಲ್ಲೇ ಕ್ರಿಸ್‌ಮಸ್ ಕೇಕ್ ಮಾಡ್ತಿದ್ರು ಸಾರ್. ಆ ಒಲೆ ಮಸಿನ ಹಂಗೇ ಉಳಿಸ್ಕೊಂಡಿದೀವಿ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಿವಿಯ ಹತ್ತಿರ ಬಂದಳು. "ನನ್ನ ರೊಟ್ಟಿ ಹೊಗಿ ಅದು." ನಗು ತಡೆಯಲಾರದೆ ಅವಳ ಭುಜ ಕುಣಿಯುತ್ತಿತ್ತು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅವ್ವ ಕಣ್ಣೀರು ಸುರಿಸುತ್ತ ಊದುಗೊಳವೆ ಊದಿದ ಮೂಲೆಯಲ್ಲಿ ಯಾವನೋ ಕೇಕು ಬೇಯಿಸಿದನಂತೆ.

ಹಳೆಯ ಬಾಗಿಲಿನಿಂದ ನಮ್ಮನ್ನು ಹೊರಗೆ ದಾಟಿಸಿ, "ಈಗ ತಿರುಗಿ ಮೇಲೆ ನೋಡಿ," ಅಂದಳು ಹುಡುಗಿ.

ಬಾಗಿಲ ಪಟ್ಟಿಯ ಮೇಲೆ ಗಾಜು. ಗಾಜಿನ ಹಿಂದೆ ಮೂರು ಬಿಳಿ ಗೆರೆ.

ಅವ್ವ ನನ್ನ ತೋಳು ಹಿಡಿದುಕೊಂಡಳು. ನಾನು ನಂಬಲು ತಯಾರಿರಲಿಲ್ಲ. ಮಾಸಿದ್ದನ್ನು ಒರೆಸಿ ಹೊಸದಾಗಿ ಪೇಂಟು ಹೊಡೆದಿರಬೇಕು, ಆ ಕುರ್ಚಿಯಂತೆ ಇದೂ ನಕಲಿಯೇ ಅಂದುಕೊಂಡು ತುದಿಗಾಲಲ್ಲಿ ನಿಂತು, ಕಣ್ಣು ಕಿರಿದು ಮಾಡಿ, ಕಾರ್ಖಾನೆಯಲ್ಲಿ ನೋಡುವ ಹಾಗೆ ನೋಡಿದೆ. ಸುಣ್ಣ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಮೇಲಿನೆರಡು ಗೆರೆ ಒಂದೇ ಕಡೆಯಿಂದ ಶುರುವಾಗಿದ್ದವು. ಮೂರನೆಯದು ಸ್ವಲ್ಪ ಒಳಗಿನಿಂದ.

ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಅಪ್ಪನನ್ನು ಮಣ್ಣು ಮಾಡಿದ ದಿನವೂ ನಾನು ಅತ್ತಿರಲಿಲ್ಲ.

"ಇದು ಸಾಹೇಬರ ಪಲ್ಟನ್ನಿನ ಗುರುತು ಸಾರ್," ಹುಡುಗಿ ಹೇಳುತ್ತಿದ್ದಳು. "ಮೂರು ಪಟ್ಟಿ ಅಂದ್ರೆ ದೊಡ್ಡ ರ‍್ಯಾಂಕು. ಕೆಳಗಿಂದು ಚಿಕ್ಕದಿದೆಯಲ್ಲಾ, ಅದಕ್ಕೂ ಏನೋ ಅರ್ಥ ಇದೆಯಂತೆ."

ಅರ್ಥ ನನಗೆ ಗೊತ್ತಿತ್ತು. ಪಲ್ಟನ್ನೂ ಇಲ್ಲ, ಸಾಹೇಬನೂ ಇಲ್ಲ. ಇದು ನಮ್ಮಪ್ಪನ ಕೈ ಎಂದು ಇಡೀ ವೈಟ್‌ಫೀಲ್ಡಿಗೆ ಕೇಳುವ ಹಾಗೆ ಕೂಗಬೇಕೆನಿಸಿತು. ಬಟ್ಲರ್ ಕೋಣೆಯೆಂಬ ಆ ಫಲಕವನ್ನು ಕಿತ್ತು ಸರಿಯಾದದ್ದನ್ನು ಬರೆಸದೆ ಅಲ್ಲಿಂದ ಕದಲಬಾರದು ಅಂದುಕೊಂಡೆ.

"ಮೇಡಂ, ಈ ಗೆರೆ..." ಎಂದು ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಒತ್ತಿ ಪಕ್ಕಕ್ಕೆ ಎಳೆದಳು.

"ಸುಮ್ನಿರು," ಎಂದು ಪಿಸುಗುಟ್ಟಿದಳು. "ಸಾಹೇಬಂದು ಅಂತ ತಿಳದು ಗಾಜು ಹಾಕ್ಯಾರ. ವಾಚ್‌ಮನ್ ಎಳದಿದ್ದು ಅಂದ್ರ ನಾಳಿಗೇ ಒರಸ್ತಾರ."

ದಿನವಿಡೀ ಎಲ್ಲರ ಮೇಲೂ ಸಂಶಯಪಡುವ ನನಗೆ ಇದು ಹೊಳೆದಿರಲಿಲ್ಲ. ಆ ಹುಡುಗಿ ಅಂಥವಳಲ್ಲದೇ ಇರಬಹುದು. ಆದರೆ ಗಾಜು ಹಾಕಿಸಿದವರು ಅವಳಲ್ಲವಲ್ಲ.

"ಏನೋ ಕೇಳ್ತಿದ್ರಿ ಸಾರ್?" ಅಂದಳು ಹುಡುಗಿ.

"ಏನಿಲ್ಲ ಮೇಡಂ. ಆ ಸಾಹೇಬರ ಹೆಸರೇನು ಅಂತ."

"ಹೆಸರು ನನಗೂ ಸರಿಯಾಗಿ ಗೊತ್ತಿಲ್ಲ ಸಾರ್. ಆದ್ರೆ ತುಂಬಾ ದೊಡ್ಡ ಮನುಷ್ಯರಂತೆ."

"ಹೌದವ್ವಾ," ಅಂದಳು ಅವ್ವ. "ಭಾಳ ದೊಡ್ಡ ಮನುಷ್ಯಾ ಇದ್ದ."

ಅವಳು ಬಾಗಿಲಿನ ಕಡೆ ತಿರುಗಿ ಕೈ ಮುಗಿದಳು. ನಡುವೆ ನಿಂತಿದ್ದ ಹುಡುಗಿ, ತನಗೇ ಮುಗಿದಳೆಂದುಕೊಂಡು, ನಕ್ಕು ತಾನೂ ಕೈ ಮುಗಿದಳು.