ಸತ್ತವನು ಪಟೇಲಿಕೆ ಕೇಳಲು ಬಂದಾಗ

ಪಲ್ಟನ್ನಿನ ಜೊತೆ ಹೋಗಿದ್ದ ನನ್ನ ಗಂಡನ ಸುದ್ದಿ, ಸಿಂಗಪುರ ಜಪಾನಿಯರ ವಶವಾದ ಮೇಲೆ ನಿಂತೇ ಹೋಯಿತು. ಬಯಲುಸೀಮೆಯ ಮಧುರೆ ಕಡೆಯ ನಮ್ಮ ಊರಿಗೆ ಮಾವನವರೇ ಪಟೇಲರು. ಅವರ ನಂತರ ಹಿರಿಮಗನಿಗೆ ಸಲ್ಲಬೇಕಾದ ಪಟ್ಟ. ಮಾವ ತೀರಿಕೊಂಡಾಗ ಮೈದುನ, "ಅಣ್ಣ ಇನ್ನೆಲ್ಲಿ ಬದುಕಿದ್ದಾನು?" ಎಂದ. ನನ್ನ ಬಳೆ ಒಡೆಸಿದರು. ಪಟೇಲಿಕೆ ಅವನದಾಯಿತು.

ಯುದ್ಧ ಮುಗಿದ ಮರುವರ್ಷ ಗಂಡ ನಡೆದುಕೊಂಡು ಬಂದರು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಅವರನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಹಳೇ ಆಳೇ ಬಾಗಿಲಿಗೆ ಅಡ್ಡ ನಿಂತ. ನೆಲ ನೋಡುತ್ತ ಹೇಳಿದ: "ಚಿಕ್ಕಗೌಡ್ರು ಒಳಕ್ಕೆ ಬಿಡಬ್ಯಾಡ ಅಂದವ್ರೆ ಬುದ್ಧಿ. ಈಗ ಅವರ ಅನ್ನ ಉಣ್ತಿದೀನಿ."

ನಾನು ಉಟ್ಟ ಸೀರೆಯಲ್ಲೇ ಗಂಡನ ಹಿಂದೆ ಹೊರಟೆ. ಮೈದುನನಿಗೆ ಆಗದ ಎದುರುಮನೆಯವರು ಒಂದು ಗುಡಿಸಲು ಕೊಟ್ಟರು.

ಸೆರೆಯಲ್ಲಿದ್ದಾಗ ಜಪಾನಿ ಕಾವಲುಗಾರನೊಬ್ಬ ಮುರುಕು ಹಿಂದೂಸ್ತಾನಿಯಲ್ಲಿ ಹೇಳಿದ್ದ ಕತೆಯನ್ನು ಗಂಡ ಅಲ್ಲಿ ನನಗೆ ಹೇಳಿದರು. ಹಿಂದಿನ ಕಾಲದ ಸಮುರಾಯ್ ಯೋಧರ ಮನೆತನವೊಂದರ ಒಡೆಯ ಸತ್ತ. ಹಿರಿಮಗ ರಣದಲ್ಲಿ ಮಡಿದನೆಂದು ಕಿರಿಯನಿಗೆ ಪಟ್ಟ ಕಟ್ಟಿದರು. ಹಿರಿಯ ಬದುಕಿ ಬಂದಾಗ ಅಪ್ಪನ ನಂಬಿಕೆಯ ಬಂಟರೇ ಕೋಟೆ ಬಾಗಿಲು ಹಾಕಿದರು. ಅವನು ಶತ್ರುಗಳನ್ನು ಸೇರಿ, ಅವರ ಸೈನ್ಯ ತಂದು, ಕೋಟೆಗೆ ಬೆಂಕಿ ಇಟ್ಟ.

"ಒಳಗೆ ಯಾರಿದ್ರು?" ಎಂದೆ.

"ಅವನ ತಾಯಿ."

ಎದುರುಮನೆಯವರು ಆಗಲೇ, "ನೀವು ಮುಂದೆ ನಿಂತ್ಕೊಳ್ಳಿ ಸಾಕು, ಜನ ನಾವು ತರ್ತೀವಿ" ಅಂದಿದ್ದರು.

ಗಂಡನ ಕಾಲು ಹಿಡಿದುಕೊಂಡೆ. "ಬ್ಯಾಡ. ಎಲ್ಲಾದ್ರೂ ಕೂಲಿ ಮಾಡೋಣ."

"ನನ್ನನ್ನ ಜೀವಂತ ಸಾಯಿಸಿದವ್ರ ಪರ ಮಾತಾಡ್ತೀಯಾ?"

"ಬಳೆ ಒಡೆಸ್ಕೊಂಡೋಳು ನಾನು. ನಾನೇ ಬ್ಯಾಡ ಅಂತಿದೀನಿ."

ಕೇಳಲಿಲ್ಲ. ಮಾರನೆಯ ದಿನ ದೊಣ್ಣೆ ಹಿಡಿದವರ ಮುಂದೆ ನಡೆದರು. ಹೊಸ್ತಿಲ ಮೇಲೆ ಅತ್ತೆ ಕೂತಿದ್ದರು. "ನನ್ನ ತುಳ್ಕೊಂಡು ಹೋಗಪ್ಪ," ಎಂದರು. ಗಂಡ ಅಲ್ಲೇ ನಿಂತುಬಿಟ್ಟರು. ಹಿಂತಿರುಗಿ, "ಸಾಕು, ನಡೀರಿ" ಎಂದರು. ಯಾರೂ ನಿಲ್ಲಲಿಲ್ಲ. ಗಂಡನನ್ನೇ ತಳ್ಳಿಕೊಂಡು, ಅತ್ತೆಯನ್ನು ದಾಟಿ ಒಳನುಗ್ಗಿದರು. ಹಳೇ ಆಳು ಮೈದುನನಿಗೆ ಅಡ್ಡ ಬಿದ್ದು, ತಲೆಗೆ ಪೆಟ್ಟಾಗಿ ಅಂಗಳದಲ್ಲೇ ಸತ್ತ.

ಎರಡೂ ಕಡೆಯವರು ಹೊಡೆದಾಡಿದರೆಂದು ಕೇಸು ಅಣ್ಣತಮ್ಮಂದಿರಿಬ್ಬರ ಮೇಲೂ ಬಿತ್ತು; ಮುಂದೆ ನಿಲ್ಲದ ಎದುರುಮನೆಯವರ ಹೆಸರು ಬರಲಿಲ್ಲ. ಕೇಸಿನಲ್ಲಿ ಸಿಕ್ಕವರಿಗೆ ಪಟೇಲಿಕೆ ಸಲ್ಲದೆಂದು ಅದು ಎದುರುಮನೆಗೆ ಹೋಯಿತು. ಸತ್ತವನ ಮಕ್ಕಳೂ ಅವರ ಹೊಲಕ್ಕೇ ದುಡಿಯಲು ಹೋದರು.

ಕೇಸು ಮುಗಿದ ಮೇಲೆ ನಾವು ನಮ್ಮ ಸೀಮೆಯದೇ ವಿಜಯಪುರದಲ್ಲಿ ಗೂಡಿನಿಂದ ರೇಷ್ಮೆ ಬಿಚ್ಚುವ ಕೆಲಸಕ್ಕೆ ಸೇರಿದೆವು. ಅತ್ತೆ ಸತ್ತಾಗ ಯಾರೂ ಹೇಳಿಕಳಿಸಲಿಲ್ಲ. ತಿಥಿಯೂ ಮುಗಿದ ಮೇಲೆ ಸಂತೆಗೆ ಬಂದ ಊರಿನವನೊಬ್ಬ ಹೇಳಿದ. ಗಂಡ ಗೂಡು ಬೇಯುತ್ತಿದ್ದ ಕುದಿಯುವ ನೀರಿನಿಂದ ಕೈ ತೆಗೆಯದೆ ನಿಂತಿದ್ದರು. ನಾನೇ ಹಿಡಿದು ಎಳೆದೆ.