ಇಸ್ತ್ರಿಯಕ್ಕ ಗಂಡನನ್ನು ಕರೆಸಿಕೊಂಡದ್ದು

ನಮ್ಮ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಯಾರೆಂದು ಗೊತ್ತಿಲ್ಲದವರು ಸಿಕ್ಕಾರು, ಇಸ್ತ್ರಿಯಕ್ಕ ಗೊತ್ತಿಲ್ಲದವರು ಸಿಗುವುದಿಲ್ಲ. ನೆಲಮಾಳಿಗೆಯ ಲಾಂಡ್ರಿಗೆ ಆಕೆಯೇ ಮುಖ್ಯಸ್ಥೆ. ಇಪ್ಪತ್ತನೆಯ ವಯಸ್ಸಿಗೆ ದಿಂಬಿನ ಕವರುಗಳಿಗೆ ಇಸ್ತ್ರಿ ಹಾಕಲು ಸೇರಿದವಳು, ನಲವತ್ತು ದಾಟುವ ಹೊತ್ತಿಗೆ ನಲವತ್ತು ಜನರ ಮೇಲೆ ಬಂದು ಕೂತಳು. ಕೂತಳು ಎನ್ನುವುದು ಬರೀ ಬಾಯಿಮಾತು, ಲಾಂಡ್ರಿಯೊಳಗೆ ಆಕೆ ಕೂತದ್ದನ್ನು ನಾನಂತೂ ಕಂಡಿಲ್ಲ. ನಾನು ಪಕ್ಕದ ಉಗ್ರಾಣದ ಗುಮಾಸ್ತ. ನನ್ನ ಅಕ್ಷರ ಸ್ವಲ್ಪ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಈ ಕಥೆಯೊಳಗೆ ಬಂದವನು.

ಆಕೆ ಮದುವೆಯಾಗಿರಲಿಲ್ಲ. ಯಾರಾದರೂ ಕೆದಕಿದರೆ, "ಪುರುಸೊತ್ತು ಸಿಗಲಿಲ್ಲ" ಎಂದು ನಗುತ್ತಿದ್ದಳು. ತಂದೆ ಬೇಗ ತೀರಿಕೊಂಡಿದ್ದರು. ತಂಗಿಯರಿಬ್ಬರನ್ನು ದಡ ಮುಟ್ಟಿಸಿ, ತಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಕೊರಗು ಮುಖದಲ್ಲಿ ಕಾಣುತ್ತಿರಲಿಲ್ಲ. ಇದ್ದರೂ ಅದನ್ನು ಹರಡಿಕೊಂಡು ಕೂರುವ ಜಾಯಮಾನ ಆಕೆಯದಲ್ಲ.

ನಾಲ್ಕೂವರೆ ವರ್ಷದ ಹಿಂದೆ ಲಾಂಡ್ರಿಗೆ ಹೊಸ ಯಂತ್ರ ಬಂತು. ಒದ್ದೆ ಹಾಸುಬಟ್ಟೆಯನ್ನು ಈ ಕಡೆ ಕೊಟ್ಟರೆ, ಬಿಸಿ ಉರುಳೆಗಳ ನಡುವೆ ಹಾದು ಆ ಕಡೆ ಒಣಗಿ, ಗರಿಗರಿಯಾಗಿ ಹೊರಬರುತ್ತದೆ. ಯಂತ್ರ ಪರದೇಶದ್ದು. ಅದನ್ನು ಕೂರಿಸಿಕೊಡಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ ಬಂದ. ಐವತ್ತರ ಹತ್ತಿರದ, ಉದ್ದ ಕೈಕಾಲಿನ, ಮಾತೇ ಆಡದ ಮನುಷ್ಯ. ಆಡಿದರೂ ನಮಗೆ ಅರ್ಥವಾಗುತ್ತಿರಲಿಲ್ಲ ಎನ್ನಿ.

ಮೊದಲ ದಿನವೇ ಬಟ್ಟೆಯ ಎಡ ಅಂಚು ಸುಕ್ಕಾಗಿ ಬಂತು. ಆತ ಬಿಸಿ ಹೆಚ್ಚಿಸಿದ, ಕಡಿಮೆ ಮಾಡಿದ, ಪುಸ್ತಕ ತಿರುವಿದ. ಇಸ್ತ್ರಿಯಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಯಂತ್ರ ನಿಲ್ಲಿಸಿ, ಆರಿದ ಉರುಳೆಯ ಮೇಲೆ ಅಂಗೈಯಾಡಿಸಿ, ಎಡಗಡೆ ಬೆರಳಿಂದ ಎರಡು ಸಲ ತಟ್ಟಿದಳು. ಅಲ್ಲಿ ಉರುಳೆಗೆ ಸುತ್ತಿದ ದಪ್ಪ ಬಟ್ಟೆ ಒಂದು ಎಳೆಯಷ್ಟು ಬಿಗಿಯಾಗಿತ್ತು. ಆತ ತಾನೂ ಅಂಗೈಯಾಡಿಸಿ ನೋಡಿದ. ನಂತರ ಆಕೆಯ ಮುಖ ನೋಡಿದ. ಆ ನೋಟ ಲಾಂಡ್ರಿಯ ನಲವತ್ತು ಜನಕ್ಕೂ ಅರ್ಥವಾಯಿತು, ಅವರಿಬ್ಬರಿಗೆ ಅರ್ಥವಾಗಲು ಇನ್ನೂ ಒಂದು ತಿಂಗಳು ಹಿಡಿಯಿತು.

ಐದು ವಾರದಲ್ಲಿ ಆತ ಕಲಿತ ನಮ್ಮ ಭಾಷೆಯೆಲ್ಲ ಲಾಂಡ್ರಿಯದೇ. ಹಿಡಿ, ಎಳಿ, ಬಿಡು, ಕೊಡು, ಬೇಗ. ಕೆಲಸ ಮುಗಿಸಿ ಊರಿಗೆ ಹೋದ. ಮರುದಿನ ಬೆಳಿಗ್ಗೆ ಹತ್ತೂವರೆಗೆ, ಸರಿಯಾಗಿ ಟೀ ವಿರಾಮದ ಹೊತ್ತಿಗೆ, ಇಸ್ತ್ರಿಯಕ್ಕನ ಫೋನು ಬಡಿದುಕೊಂಡಿತು.

"ಯಂತ್ರ ಹೇಗಿದೆ?"

"ಚೆನ್ನಾಗಿದೆ."

ಹೀಗೆ ದಿನವೂ. ಅಷ್ಟೊಂದು ವಿಚಾರಿಸಿಕೊಳ್ಳುವಂಥದ್ದು ಆ ಯಂತ್ರಕ್ಕೆ ಏನೂ ಆಗಿರಲಿಲ್ಲ. ಒಂದೇ ಒಂದು ದಿನವೂ ಕೆಟ್ಟಿರಲಿಲ್ಲ.

ವರ್ಷ ತುಂಬುವುದರೊಳಗೆ ಆತ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಬಂದಿಳಿದ. ಹಿಂದೆ ಒಂದು ಮದುವೆಯಾಗಿತ್ತು, ಅದು ಮುರಿದು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎಲ್ಲವನ್ನೂ ನಿಘಂಟು ಹಿಡಿದು, ಕೈಸನ್ನೆ ಮಾಡಿ ಆಕೆಗೆ ಬಿಡಿಸಿ ಹೇಳಿದ. ಆಕೆ, "ನಂದೇನೂ ಅಡ್ಡಿಯಿಲ್ಲ, ಅಮ್ಮನ್ನ ಕೇಳಿ" ಎಂದಳು. ಆತ ಒಗೆದ ಅಂಗಿ ತೊಟ್ಟು, ಮನೆಗೆ ಹೋಗಿ, ಅಮ್ಮನ ಎದುರು ನೆಟ್ಟಗೆ ನಿಂತು, ತನಗೆ ಗೊತ್ತಿದ್ದ ಭಾಷೆಯಲ್ಲೇ ಕೇಳಿದ.

"ಮಗಳು ಕೊಡು. ಬೇಗ!"

ಅಮ್ಮ ಕಣ್ಣು ಕಣ್ಣು ಬಿಟ್ಟರು. "ಇದೇನೇ, ಹೆಣ್ಣು ಕೇಳ್ತಿದಾನೋ, ದರೋಡೆ ಮಾಡ್ತಿದಾನೋ?"

"ಲಾಂಡ್ರಿ ಭಾಷೆ ಅಮ್ಮ. ಅಷ್ಟೇ ಬರೋದು."

"ಅದೆಲ್ಲ ನಡಿಯಲ್ಲ. ನನ್ನ ಅಳಿಯ ಆಗ್ಬೇಕು ಅಂದ್ರೆ ಮೊದ್ಲು ಬಹುವಚನ ಕಲೀಲಿ."

ಅದು ಒಪ್ಪಿಗೆ ಎಂದು ಆತನಿಗೆ ಆಕೆಯೇ ವಿವರಿಸಬೇಕಾಯಿತು. ನೋಂದಣಿ ಕಚೇರಿಯಲ್ಲಿ ಮದುವೆ ನಡೆಯಿತು. ಸಾಕ್ಷಿಗೆ ನಾನು ಮತ್ತು ಆಕೆಯ ಕಿರಿ ತಂಗಿ. ನೀನು ನಮ್ಮೂರಿಗೇ ಬಾ ಎಂದು ಆತ ಮೊದಲು ಕೇಳಿದ್ದುಂಟು. "ನನಗಿಲ್ಲಿ ಅಮ್ಮ ಇದಾರೆ, ನಲವತ್ತು ಜನ ಇದಾರೆ. ನಿಮಗೆ ಯಂತ್ರ ಎಲ್ಲಾದ್ರೂ ಸಿಗುತ್ತೆ. ನೀವೇ ಬನ್ನಿ" ಎಂದಳು ಆಕೆ. ಆತ ಒಂದು ದಿನ ಯೋಚಿಸಿ ಹೂಂ ಅಂದ. ಮೂರು ವಾರದ ರಜೆ ಮುಗಿಯಿತು, ಆತ ಹೊರಟ. ಹೆಂಡತಿಯೇ ಜವಾಬ್ದಾರಿ ಹೊತ್ತು ಗಂಡನನ್ನು ಈ ದೇಶಕ್ಕೆ ಕರೆಸಿಕೊಳ್ಳುವ ಅರ್ಜಿಯ ಕೆಲಸ ಶುರುವಾಯಿತು.

ಇಪ್ಪತ್ತೊಂಬತ್ತು ಪುಟ. ಒಂದು ವಾರ ಊಟದ ಬಿಡುವಿನಲ್ಲಿ ನನ್ನ ಮೇಜಿನ ಬಳಿ, ಸೋಪಿನ ಪುಡಿಯ ಚೀಲಗಳ ನಡುವೆ ಕೂತು ತುಂಬಿದೆವು. ಆಕೆಯ ಸಂಬಳದ ಚೀಟಿ, ಮನೆಯಲ್ಲಿ ಜಾಗವಿದೆಯೆಂಬ ಪತ್ರ, ಆತನ ಊರಿನ ಪೊಲೀಸರ ಪತ್ರ, ವೈದ್ಯಕೀಯ ತಪಾಸಣೆ, ಹಳೆಯ ವಿಚ್ಛೇದನದ ಆದೇಶ, ಅದರ ಅನುವಾದ, ಅನುವಾದ ಸರಿಯಿದೆ ಎನ್ನಲು ಇನ್ನೊಂದು ಪತ್ರ. ಫೋಟೋ ಲಗತ್ತಿಸಿ ಎಂದಿತ್ತು. ಇದ್ದದ್ದು ನಾಲ್ಕೇ. ಅವುಗಳಲ್ಲೊಂದರಲ್ಲಿ ಗಂಡ ಹೆಂಡತಿಯ ನಡುವೆ ಯಂತ್ರ ನಿಂತಿತ್ತು.

ಏಳು ತಿಂಗಳ ಮೇಲೆ ಉತ್ತರ ಬಂತು. ತಿರಸ್ಕಾರ. ದಂಪತಿಗಳು ಒಟ್ಟಿಗಿದ್ದ ಅವಧಿ ಬಹಳ ಕಡಿಮೆ, ಸಾಮಾನ್ಯ ಭಾಷೆಯಿಲ್ಲ, ಫೋಟೋಗಳು ಸಾಲವು, ಆದ್ದರಿಂದ ಈ ದಾಂಪತ್ಯ ನಿಜವಾದದ್ದೆಂದು ಮನವರಿಕೆಯಾಗಿಲ್ಲ ಎಂದು ಬರೆದಿತ್ತು.

ಆಕೆ ಪತ್ರವನ್ನು ಮಡಚಿ ಜೇಬಿಗಿಟ್ಟು, ಕೈ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು, ಒಂದು ಗಂಟೆ ಡಾಕ್ಟರುಗಳ ಕೋಟುಗಳನ್ನು ತಿಕ್ಕಿದಳು. ಆ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ಹತ್ತೂವರೆಗೆ ಫೋನು ಬಂತು. ಆಕೆ ಗೋಡೆಯ ಕಡೆ ತಿರುಗಿ ನಿಂತು ಮಾತಾಡಿದಳು. ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ನಂತರ ನನ್ನ ಮೇಜಿಗೆ ಬಂದು ಪತ್ರ ಬಿಡಿಸಿ ಹರವಿದಳು.

"ಅಣ್ಣಾ, ಇವರು ಬರೆದಿದ್ರಲ್ಲಿ ತಪ್ಪೇನಿಲ್ಲ. ನನ್ನ ನೋಡಿದಾರಾ? ಅವರನ್ನ ನೋಡಿದಾರಾ? ಬರೀ ಕಾಗದ ನೋಡಿದಾರೆ. ಮೇಲ್ಮನವಿಗೆ ಬರೀರಿ. ಈ ಸಲ ನಾನೇ ಹೋಗ್ತೀನಿ."

"ಅಲ್ಲೂ ಆಗ್ಲಿಲ್ಲ ಅಂದ್ರೆ?"

"ಆಗುತ್ತೆ, ಬರೀರಿ."

ವಿಚಾರಣೆಗೆ ಹೋದದ್ದು ನಾವಿಬ್ಬರು. ಆಕೆ ಅರ್ಜಿದಾರಳು, ನಾನು ಮದುವೆಯ ಸಾಕ್ಷಿ. ಮೂರನೇ ಮಹಡಿಯ ಚಿಕ್ಕ ಕೋಣೆ. ಮೇಜಿನ ಆಚೆ ನರೆಗೂದಲಿನ ಅಧಿಕಾರಿಣಿ, ಪಕ್ಕದಲ್ಲಿ ವಿಡಿಯೋ ಕರೆಯ ಒಂದು ಪರದೆ. ನಮ್ಮನ್ನು ಹೊರಗೆ ಕೂರಿಸಿ ಇಸ್ತ್ರಿಯಕ್ಕನ ಗಂಡನೊಂದಿಗೆ ಆ ಪರದೆಯ ಮೂಲಕ ಮೊದಲೇ ಮಾತಾಡಿ ಮುಗಿಸಿದ್ದರು. ಅವನ ಉತ್ತರಗಳ ಹಾಳೆ ಎದುರಿಗಿಟ್ಟುಕೊಂಡು ಈಗ ಹೆಂಡತಿಯನ್ನು ಪ್ರಶ್ನಿಸತೊಡಗಿದರು.

ಇಸ್ತ್ರಿಯಕ್ಕ ಫೋನ್ ಕಂಪನಿಯಿಂದ ಕರೆಗಳ ಪಟ್ಟಿ ತೆಗೆಸಿ ತಂದಿದ್ದಳು. ಅಧಿಕಾರಿಣಿ ಅದನ್ನು ತಿರುವಿದರು.

"ಎಲ್ಲಾ ಹತ್ತೂವರೆಗೇ ಇದೆ. ಎಲ್ಲಾ ಹದಿನೈದೇ ನಿಮಿಷ. ಗಂಡ ಹೆಂಡ್ತಿ ಗಡಿಯಾರ ಇಟ್ಕೊಂಡು ಮಾತಾಡ್ತಾರಾ?"

"ನಮ್ಮ ಟೀ ವಿರಾಮ ಹದಿನೈದೇ ನಿಮಿಷ ಮೇಡಂ. ನಾನೇ ತಡ ಮಾಡಿದ್ರೆ ಉಳಿದವರಿಗೆ ಯಾವ ಬಾಯಲ್ಲಿ ಹೇಳ್ಲಿ?"

"ಭಾನುವಾರ ಒಂದು ಕರೆಯೂ ಇಲ್ಲ."

"ಭಾನುವಾರ ಅಮ್ಮನ ಫೋನಿಗೆ ಮಾಡ್ತಾರೆ. ಬಹುವಚನದ ಪಾಠ. ನನಗೆ ಸರದೀನೇ ಬರಲ್ಲ."

ಅಧಿಕಾರಿಣಿಯ ತುಟಿ ಸ್ವಲ್ಪ ಅಲುಗಿತು. ಮುಂದಿನ ಪ್ರಶ್ನೆಗಳೆಲ್ಲ ಸಲೀಸಾಗಿ ಹೋದವು. ಆತನ ಅಣ್ಣ ಏನು ಮಾಡುತ್ತಾನೆ, ಆತ ಯಾವ ಕೈಯಲ್ಲಿ ಬರೆಯುತ್ತಾನೆ, ಟೀಗೆ ಸಕ್ಕರೆ ಎಷ್ಟು. ಕೊನೆಗೆ ಒಂದು ಕಡೆ ಪೆನ್ನು ನಿಂತಿತು.

"ನಿಮಗೆ ಯಾವುದಕ್ಕಾದ್ರೂ ಭಯ ಇದೆಯಾ?"

"ಲಿಫ್ಟಿಗೆ" ಎಂದಳು ಆಕೆ.

ನಾನು ತಿರುಗಿ ನೋಡಿದೆ. ಇಪ್ಪತ್ತು ವರ್ಷ ಆಕೆ ಆಸ್ಪತ್ರೆಯ ಮೆಟ್ಟಿಲುಗಳನ್ನೇ ಹತ್ತಿಳಿದದ್ದನ್ನು ನೋಡಿ, ಮೈ ಹಗುರಾಗಿರಲಿ ಎಂದು ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆವು.

"ನಿಮ್ಮ ಗಂಡ ಬೇರೆ ಹೇಳಿದಾರೆ. ನನ್ನ ಹೆಂಡ್ತಿಗೆ ಯಾವುದಕ್ಕೂ ಭಯ ಇಲ್ಲ, ದಿನಾ ನನ್ನ ಜೊತೆ ಲಿಫ್ಟಿನಲ್ಲಿ ಬರ್ತಿದ್ಲು, ಅಲ್ಲೇ ನಾನು ನಾಲ್ಕು ಮಾತು ಕಲಿತೆ ಅಂತ."

"ಬರ್ತಿದ್ದೆ. ಅವರ ಹತ್ರ ಭಾರದ ಪೆಟ್ಟಿಗೆ ಇರ್ತಿತ್ತು, ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ಲ."

"ಭಯ ಆಗ್ಲಿಲ್ವಾ?"

"ಜೀವ ಬಾಯಿಗೆ ಬರ್ತಿತ್ತು ಮೇಡಂ. ಆದ್ರೂ ಹೋದೆ. ಅವರಿಗೆ ಹೇಳಿಲ್ಲ."

ಅಧಿಕಾರಿಣಿ ಎರಡು ಹಾಳೆಗಳನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿದರು. ಒಂದೇ ಪ್ರಶ್ನೆಗೆ ಎರಡು ಉತ್ತರ. ಅವರು ತಲೆಯೆತ್ತಿ ಹೇಳಿದರು:

"ಬಾಯಿಪಾಠ ಮಾಡ್ಕೊಂಡು ಬಂದೋರ ಉತ್ತರ ಹೀಗೆ ಬೇರೆ ಬೇರೆ ಆಗಲ್ಲ. ಸರಿ. ಇವರು ಬಂದ ಮೇಲೆ ಕೆಲಸ ಸಿಗ್ಲಿಲ್ಲ, ಕಾಯಿಲೆ ಬಿದ್ರು, ಜಗಳ ಆಯ್ತು. ಏನೇ ಆದ್ರೂ ಮೂರು ವರ್ಷ ಇವರ ಹೊಣೆ ನಿಮ್ಮದು. ಅರ್ಥ ಮಾಡ್ಕೊಂಡೇ ಸಹಿ ಹಾಕಿದೀರಾ?"

"ನಲವತ್ತು ಜನರ ಹೊಣೆ ಹೊತ್ತು ಅಭ್ಯಾಸ ಮೇಡಂ. ಇವರೊಬ್ಬರು ಭಾರ ಆಗಲ್ಲ. ಮೂರೇ ವರ್ಷ ಅಂತ ಯಾಕೆ ಬರೆದಿದೀರೋ, ಅದೊಂದು ಅರ್ಥ ಆಗ್ಲಿಲ್ಲ."

ಆರು ವಾರಕ್ಕೆ ಮಂಜೂರಾತಿ ಬಂತು. ವಿಮಾನ ನಿಲ್ದಾಣಕ್ಕೆ ಅಮ್ಮನೂ ಬಂದರು. ಆತ ಒಂದು ಸೂಟ್‌ಕೇಸು, ಒಂದು ಉಪಕರಣದ ಪೆಟ್ಟಿಗೆ ಹಿಡಿದು ಹೊರಬಂದವನು, ನೇರ ಅತ್ತೆಯ ಮುಂದೆ ನಿಂತು, "ನೀವು ಹೇಗಿದ್ದೀರಿ? ದಯವಿಟ್ಟು ಚೆನ್ನಾಗಿರಿ" ಎಂದ. ಅಮ್ಮ ಮಗಳ ಕಡೆ ನೋಡಿ, "ನಿನಗಿಂತ ವಾಸಿ ಕಣೇ" ಅಂದರು.

ಬಂದ ಮೇಲಿನ ದಿನಗಳು ಹೂವಿನ ಹಾಸಿಗೆಯೇನಲ್ಲ. ಕೆಲಸದ ಪರವಾನಗಿ ಬರಲು ನಾಲ್ಕು ತಿಂಗಳು ಹಿಡಿಯಿತು. ದುಡಿದ ಕೈ, ಸುಮ್ಮನಿರಲಾರದು. ಆತ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ಸರಿಪಡಿಸಿದ. ನಂತರ ಕೆಡದೆ ಇದ್ದದ್ದನ್ನೂ ಬಿಚ್ಚತೊಡಗಿದ. ಒಂದು ದಿನ ಅಮ್ಮ ಲಾಂಡ್ರಿಗೇ ಫೋನು ಮಾಡಿ, "ನನ್ನ ಮಿಕ್ಸಿ ಹನ್ನೆರಡು ತುಂಡಾಗಿದೆ. ಚೆನ್ನಾಗಿ ಓಡ್ತಿತ್ತು. ಯಾಕ್ರೀ ಅಂದ್ರೆ, ನೋಡ್ತಿದೀನಿ ಅಂತಾರೆ!" ಎಂದು ದೂರು ಕೊಟ್ಟರು. ಸಂಜೆಯೊಳಗೆ ಮಿಕ್ಸಿ ಮೊದಲಿಗಿಂತ ಕಡಿಮೆ ಸದ್ದಿನಲ್ಲಿ ಓಡುತ್ತಿತ್ತು. ಆದರೂ ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು.

ನಂತರ ಆತ ಮಾತು ಕಡಿಮೆ ಮಾಡಿದ. ಒಂದು ದಿನ ಇಸ್ತ್ರಿಯಕ್ಕ ಕೆಲಸ ಮುಗಿಸಿ ಮನೆಗೆ ಬಂದಾಗ ಆತ ಹೊರಬಾಗಿಲ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಆಕೆಯೂ ಪಕ್ಕದಲ್ಲಿ ಕೂತಳು. ಇದನ್ನು ಆಕೆಯೇ ನನಗೆ ಹೇಳಿದ್ದು.

"ವಾಪಸ್ ಹೋಗ್ಬೇಕು ಅನ್ನಿಸ್ತಿದೆಯಾ?"

"ಇಲ್ಲ. ಆದರೆ ಇಲ್ಲಿ ಸಂಜೆ ಇಲ್ಲ. ನಮ್ಮ ಊರಿನಲ್ಲಿ ಸಂಜೆ ಬಹಳ ದೊಡ್ಡದು. ಕೆಲಸ ಮುಗಿಸಿ ನಡೀಬಹುದು, ಕೂರಬಹುದು, ಬೆಳಕು ಹೋಗೋದಿಲ್ಲ. ಇಲ್ಲಿ ನೀವು ಬರ್ತೀರಿ, ಕತ್ತಲೂ ಬರುತ್ತೆ."

ಮರುದಿನ ಆಕೆ ಆಡಳಿತ ಕಚೇರಿಗೆ ಹೋಗಿ ತನ್ನ ಪಾಳಿಯನ್ನು ಬೆಳಗಿನ ಆರಕ್ಕೆ ಬದಲಾಯಿಸಿಕೊಂಡಳು. ಮೂರು ಗಂಟೆಗೆ ಬಿಡುಗಡೆ. ಅಂದಿನಿಂದ ಆ ಹೊತ್ತಿಗೆ ಆತ ಆಸ್ಪತ್ರೆಯ ಗೇಟಿನಲ್ಲಿ ಬಂದು ನಿಲ್ಲುತ್ತಿದ್ದ. ಮೊದಲು ಆತ ಉದ್ದ ಹೆಜ್ಜೆ ಹಾಕಿ ಮುಂದೆ ಹೋಗಿಬಿಡುತ್ತಿದ್ದ, ಆಕೆ, "ರೀ, ನಾನೇನು ನಿಮ್ಮ ಹಿಂದೆ ಓಡಿ ಬರ್ಬೇಕಾ?" ಎಂದು ಕೂಗುತ್ತಿದ್ದಳು. ಬರಬರುತ್ತಾ ಇಬ್ಬರ ನಡಿಗೆ ಒಂದೇ ಹದಕ್ಕೆ ಬಂತು. ಮಾರುಕಟ್ಟೆ, ನದಿ ದಂಡೆ, ಬಸ್ ಡಿಪೋ, ಹೀಗೆ ಊರೆಲ್ಲ ಸುತ್ತಿದರು. ಹುಟ್ಟಿ ಬೆಳೆದ ಊರಿನ ಅರ್ಧ ಬೀದಿಗಳನ್ನು ಆಗಲೇ ನೋಡಿದ್ದು ಎಂದು ಆಕೆ ಹೇಳುವುದುಂಟು.

ಪರವಾನಗಿ ಬಂದ ಮೇಲೆ ಆತ ಒಂದು ಮುದ್ರಣಾಲಯಕ್ಕೆ ಸೇರಿದ. ಅಲ್ಲಿನ ಯಂತ್ರಗಳಿಗೂ ಉರುಳೆಗಳಿವೆ. ಕಳೆದ ವರ್ಷ ಮೂವರೂ ಮನೆ ಬದಲಾಯಿಸಿ, ಪಶ್ಚಿಮಕ್ಕೆ ಬಾಲ್ಕನಿ ಇರುವ ಮಹಡಿ ಮನೆಗೆ ಹೋದರು. ಅಮ್ಮ ಮೆಟ್ಟಿಲು ಹತ್ತಲಾರೆ ಎಂದು ತಕರಾರು ತೆಗೆದಾಗ ಅಳಿಯ ಒಂದೇ ವಾರದಲ್ಲಿ ಎರಡೂ ಬದಿಗೆ ಹಿಡಿದು ಹತ್ತುವ ಗಟ್ಟಿ ಕಂಬಿ ಕೂರಿಸಿಕೊಟ್ಟ.

ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದೆ. ಇಸ್ತ್ರಿಯಕ್ಕ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಒಳಗೆ ಅಮ್ಮ ಅಳಿಯನಿಗೆ ಪತ್ರಿಕೆ ಓದಿಸುತ್ತಿದ್ದರು, ತಪ್ಪಿದಲ್ಲೆಲ್ಲ ತಿದ್ದುತ್ತಿದ್ದರು. ಆಕೆ ನನಗೆ ಟೀ ಕೊಟ್ಟು, ಒಳಗಿನ ಮಾತಿಗೆ ಕಿವಿಗೊಟ್ಟು ಹೇಳಿದಳು: "ಕೇಳಿಸ್ಕೊಳ್ಳಿ ಅಣ್ಣಾ. ಈಗ ಇವರೇ ಅಮ್ಮನ ಜೊತೆ ವಾದಕ್ಕೆ ನಿಂತಿದಾರೆ. ಅದೂ ಬಹುವಚನದಲ್ಲಿ."