ಒಂಬತ್ತನೇ ಹಂತದ ನೀರುಗಂಟಿ

ಲೋಕದ ವೀರರೆಲ್ಲ ರಾಕ್ಷಸರನ್ನು ಹುಡುಕಿಕೊಂಡು ಹೋಗುತ್ತಾರೆ. ಸಿರಿಗೇರಿಯ ದೊಡ್ಡಬಸವರಾಜರು ನೀರಿನ ಮೂಲ ಹುಡುಕಿಕೊಂಡು ಹೋಗುತ್ತಾರೆ. ವಿಡಿಯೊ ಗೇಮಿನ ಮಾಯಾರಾಜ್ಯದಲ್ಲಿ ಎಲ್ಲಾದರೂ ಒಂದು ಹಳ್ಳ ಕಂಡರೆ ಸಾಕು, ಅರಮನೆ ಹೊತ್ತಿ ಉರಿಯುತ್ತಿರಲಿ, ರಾಜಕುಮಾರಿ ಗೋಪುರದಿಂದ ಬೊಬ್ಬೆ ಹಾಕುತ್ತಿರಲಿ, ಅವರು ದಂಡೆ ಹಿಡಿದು ಮೇಲಕ್ಕೆ ನಡೆದೇಬಿಡುತ್ತಾರೆ. ಏಳು ತಿಂಗಳಲ್ಲಿ ಹನ್ನೊಂದು ನದಿಗಳ ಹುಟ್ಟು ಕಂಡಿದ್ದಾರೆ. ಹಿಂದಿನ ಋಷಿಗಳಿಗೂ ಇಷ್ಟು ತೀರ್ಥಯಾತ್ರೆ ಆಗಿರಲಿಕ್ಕಿಲ್ಲ.

ಸಿರುಗುಪ್ಪ ಕಡೆಯ ಕಾಲುವೆಯಲ್ಲಿ ಮೂವತ್ತನಾಲ್ಕು ವರ್ಷ ತೂಬು ತಿರುವಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಟ್ಟ ನೀರುಗಂಟಿ ಅವರು. ನಿವೃತ್ತಿಯಾದ ಮೇಲೆ ಬಳ್ಳಾರಿಯ ಮಗನ ಮನೆಗೆ ಬಂದರು. ಸೊಸೆ ಗಂಗೋತ್ರಿ ಕುರುಗೋಡಿನವಳು, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮಾವನಿಗೆ ಹೊತ್ತು ಹೋಗಲೆಂದು ತನ್ನ ವಿಡಿಯೊ ಗೇಮನ್ನು ಟಿವಿಗೆ ಜೋಡಿಸಿ, ಆಡುವ ಬಗೆಗಳನ್ನು ಸುಲಭ, ಸಾಧಾರಣ, ಕಠಿಣ ಎಂದು ಓದಿ ಹೇಳಿದಳು. ಕೊನೆಯಲ್ಲಿ ಇನ್ನೊಂದಿತ್ತು: ಒಂದೇ ಜೀವ. ಸತ್ತರೆ ಆಟವೇ ಅಳಿಸಿಹೋಗುತ್ತದೆ, ನಡುವೆ ಸುಲಭಕ್ಕೆ ಇಳಿಸಲೂ ಬರುವುದಿಲ್ಲ.

"ಅದನ್ನಾ ಹಾಕವ್ವ. ಮನಷ್ಯಾಗ ಎಷ್ಟ್ ಜೀವ ಇರ್ತಾವು?" ಎಂದರು ಮಾವ.

ತಮ್ಮ ವೀರನಾರಿಗೆ ಊರಮ್ಮ ಎಂದು ಹೆಸರಿಟ್ಟರು. ಹೊಸ ಜಾಗ ಕಂಡಾಗಲೆಲ್ಲ ಆಟ ಕೊಡುವ ಪುಡಿ ಅಂಕಗಳಿಂದಲೇ ಊರಮ್ಮ ಒಂಬತ್ತನೇ ಹಂತಕ್ಕೆ ಏರಿದ್ದಳು.

ಮೊನ್ನೆ ಭಾನುವಾರ ಮಧ್ಯಾಹ್ನ ಹನ್ನೆರಡನೇ ಹಳ್ಳ ಹಿಡಿದು ಹೋದವಳು ಒಂದು ಅಣೆಕಟ್ಟಿನ ಕೆಳಗಿನ ಬಯಲಿಗೆ ಕಾಲಿಟ್ಟಳು. ಹಿಂದೆ ದಢಾರನೆ ಗೇಟು ಬಿತ್ತು. ಎದುರಿಗೆ, ಕುರುಗೋಡಿನ ಗುಡ್ಡಕ್ಕೆ ಕೈಕಾಲು ಮೂಡಿದಂಥ ಕಬ್ಬಿಣದ ದೈತ್ಯ. ಅವನ ತಲೆಯ ಮೇಲೆ ನಲವತ್ತು ಎಂಬ ಅಂಕಿ.

ಅಡುಗೆಮನೆಯಿಂದ ಬಂದ ಗಂಗೋತ್ರಿ ಸೌಟು ಹಿಡಿದೇ ನಿಂತಳು. "ಅಯ್ಯ ಮಾವ! ಇಲ್ಲಿಗಿ ನಲವತ್ತನೇ ಹಂತದೋರು ಬರ್ಬೇಕು, ನೀವಿನ್ನೂ ಒಂಬತ್ತು! ಒಂದ್ ಏಟು ಬಿದ್ರ ಏಳ್ ತಿಂಗಳದ್ದೆಲ್ಲಾ ಹೋಗ್ತೈತಿ!"

ತೆಕ್ಕಲಕೋಟೆಯಿಂದ ಬಂದಿದ್ದ ಗೆಳೆಯ ಎರ್ರಿಸ್ವಾಮಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಕೆಳಗಿಟ್ಟರು. "ಓಡಲೇ ಬಸ್ಯಾ!"

"ಎಲ್ಲಿಗಿ ಓಡ್ಲೋ? ಗೇಟ್ ಬಿದ್ದೈತಿ."

ದೈತ್ಯ ಒಂದು ಹೆಜ್ಜೆ ಇಟ್ಟ. ಟಿವಿ ಪಕ್ಕದ ಲೋಟ ಗಡಗಡ ಅಂದಿತು.

"ಕತ್ತಿ ತೆಗೀರಿ ಮಾವ, ಕತ್ತಿ!"

ಕತ್ತಿ ಹೊರಬರಲಿಲ್ಲ. ಊರಮ್ಮ ದಂಡೆ ಹಿಡಿದು ಅಣೆಕಟ್ಟಿನತ್ತ ಓಡಿದಳು. ದೈತ್ಯನ ಗದೆ ಒಂದು ಗೇಣು ಪಕ್ಕಕ್ಕೆ ಬಿತ್ತು. ಸಿಡಿದ ಕಲ್ಲಿನ ಏಟಿಗೇ ಅವಳ ಆಯುಸ್ಸಿನ ಕೆಂಪು ಪಟ್ಟಿ ದಾರದ ಎಳೆಯಷ್ಟಾಯಿತು. ಮೇಲೆ ಹತ್ತಿದರೆ ತೂಬಿನ ಚಕ್ರ. ಪರದೆಯ ಮೇಲೆ ಮೂರು ಸಾಲು ಮೂಡಿದವು.

ಗಂಗೋತ್ರಿ ಓದಿದಳು: "ಪೂರಾ ತೆಗೀಬೇಕೋ, ಸ್ವಲ್ಪ ತೆಗೀಬೇಕೋ, ಬಿಟ್ಟು ಹೋಗ್ಬೇಕೋ ಅಂತೈತ್ರಿ. ಜಲ್ದಿ!"

"ಪೂರಾ ಬಿಡಲೇ! ಕೊಚ್ಚಿಕೊಂಡು ಹೋಗ್ಲಿ ಮಗ!" ಎಂದರು ಎರ್ರಿಸ್ವಾಮಿ.

"ಕೆಳಗ ಊರೈತಿ. ನಾಟಿ ಮಾಡ್ಯಾರ."

ಮಾವ ಎರಡನೇ ಸಾಲನ್ನು ಒತ್ತಿದರು. ನೀರು ತೆಳ್ಳಗೆ ಬಯಲಿಗೆ ಹರಡಿತು. ದೈತ್ಯ ಅಣೆಕಟ್ಟಿನ ಬುಡಕ್ಕೇ ಬಂದು ಗದೆ ಎತ್ತಿದ. ಗಂಗೋತ್ರಿ ಕಣ್ಣು ಮುಚ್ಚಿಕೊಂಡಳು.

"ಏನ್ ಮಾಡಾಕತ್ತೀಯಲೇ?" ಎಂದರು ಎರ್ರಿಸ್ವಾಮಿ.

"ತಡಿಯೋ. ಮಣ್ಣಿನ ಬಣ್ಣ ನೋಡು, ಕರೇ ಎರಿಭೂಮಿ. ನೀರು ಕುಡೀಲಿ."

ಗದೆ ಬೀಳಲಿಲ್ಲ. ದೈತ್ಯನ ಮೊಣಕಾಲು ಕೆಸರಿಗಿಳಿಯಿತು. ಆಮೇಲೆ ಸೊಂಟ. ಆಮೇಲೆ ಅಷ್ಟೂ ಕಬ್ಬಿಣ. ಗೇಟು ತಾನಾಗಿ ಮೇಲೆದ್ದಿತು.

ಎರ್ರಿಸ್ವಾಮಿ ಟವೆಲ್ಲು ಬೀಸಿ ಕುಣಿದರು. ಗಂಗೋತ್ರಿ ಮಾವನ ಕೈಯಿಂದ ಗುಂಡಿಗಳ ಕಂಟ್ರೋಲರ್ ಇಸಿದುಕೊಂಡು ಊರಮ್ಮನ ಚರಿತ್ರೆ ತೆರೆದು ನೋಡಿದಳು. ಏಳು ತಿಂಗಳಲ್ಲಿ ಕೊಂದದ್ದು ಸೊನ್ನೆ; ಕೆಸರು ನುಂಗಿದ ದೈತ್ಯನೂ ಲೆಕ್ಕಕ್ಕೆ ಬಂದಿರಲಿಲ್ಲ. ಒಂದು ಇಲಿಯೂ ಇಲ್ಲ.

"ಮಾವ, ಯಾರನ್ನೂ ಕೊಲ್ಲಬಾರ್ದು ಅಂತ ವ್ರತ ಹಿಡದೀರೇನ್ರಿ? ಜೀವ ಹೋಗೋ ಹೊತ್ತಿನ್ಯಾಗೂ ಕತ್ತಿ ತೆಗೀಲಿಲ್ಲಲ್ರಿ ನೀವು! ನಾಳೆ ಕ್ಲಾಸಿನ್ಯಾಗ ಹೇಳ್ತೀನಿ."

ದೊಡ್ಡಬಸವರಾಜರು ಗೆಳೆಯನತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ವ್ರತಾನೂ ಇಲ್ಲ ಏನೂ ಇಲ್ಲವ್ವ. ಕತ್ತಿ ತೆಗಿಯೋ ಗುಂಡಿ ಯಾವ್ದು ಅಂತ ನಿನ್ನ ಕೇಳಾಕ ನಾಚಿಕಿ ಆತು."